10 ಆಟದಲ್ಲಿ 8 ಸಲ ಕಪ್ಪು: ಆನ್‌ಲೈನ್ ಚೆಸ್‌ನಲ್ಲಿ ಬಣ್ಣ ಹಂಚುವ ರೀತಿ ಸರಿ ಇದೆಯಾ?

ರಾತ್ರಿಯಾಟ · ಶನಿವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಒಂದೆರಡು ಆಟ ಆಡುವುದು ಐದಾರು ವರ್ಷದ ಅಭ್ಯಾಸ. ತಲಾ 15 ನಿಮಿಷ, ನಡೆಗೆ 15 ಸೆಕೆಂಡ್ ಸೇರುವ ಆಟ. ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟ, ನನಗೆ ಒಗ್ಗುವುದಿಲ್ಲ. ಯೋಚನೆ ಮಾಡಲು ಪುರುಸೊತ್ತು ಬೇಕು.

ಈ ವಾರ 10 ಆಟ ಆಡಿದೆ. ಅದರಲ್ಲಿ 8 ಸಲ ಕಪ್ಪು ಬಂತು, ಅಂದರೆ ಮೊದಲ ನಡೆ ಎದುರಿನ ಬಿಳಿಯವರದು. ಬೇಸಿಗೆ ರಜೆಯಿಡೀ ಕೂತು, ಬಿಳಿಯಲ್ಲಿ ಆಟ ಶುರು ಮಾಡುವ ಲಂಡನ್ ಸಿಸ್ಟಂ ಕಲಿತಿದ್ದೆ. ಕಲಿತದ್ದನ್ನು ಮಣೆ ಮೇಲೆ ಆಡಿ ನೋಡಲು ಸಿಕ್ಕಿದ್ದು ಎರಡೇ ಸಲ.

ಜೋಡಿ ಸಿಕ್ಕ ಸದ್ದು ಬಂದ ಕೂಡಲೇ ನನ್ನ ಕಣ್ಣು ಹೋಗುವುದು ಪರದೆಯ ಕೆಳಗಿನ ಸಾಲಿಗೆ. ಅಲ್ಲಿ ರಾಜ ಎಡಕ್ಕೆ, ರಾಣಿ ಬಲಕ್ಕೆ ನಿಂತಿದ್ದರೆ ಕಪ್ಪು. ಗುರುವಾರ ಸತತ ನಾಲ್ಕನೇ ಸಲ ರಾಜ ಎಡಕ್ಕೇ ಇದ್ದ. ಎದುರಿನವರು ಇ4 ಆಡಿದರು, ಅಂದರೆ ರಾಜನ ಮುಂದಿನ ಪಾನ್ (ಕಾಲಾಳು) ಎರಡು ಮನೆ ಮುಂದೆ ತಂದರು. ನನ್ನ ಗಡಿಯಾರ ಓಡುತ್ತಿತ್ತು, ನಾನು ಒಂದು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಅದಕ್ಕೆ ಕಪ್ಪಿನ ಉತ್ತರವಾದ ಕಾರೊ-ಕಾನ್ ಆಡಿದೆ, 40 ನಡೆ ತಡೆದೆ, ಕೊನೆಗೆ ರೂಕ್ ಎಂಡ್‌ಗೇಮ್‌ನಲ್ಲಿ (ರೂಕ್‌ಗಳು ಉಳಿದ ಕೊನೆಯ ಹಂತ) ಒಂದು ಪಾನ್ ಬಿಟ್ಟು ಸೋತೆ.

ಇದು ನಿಜವಾಗಿಯೂ ರ‍್ಯಾಂಡಮ್ಮಾ? ರ‍್ಯಾಂಡಮ್ ಆದರೂ ನ್ಯಾಯವಾ? ಗೊತ್ತಿರುವವರು ಹೇಳಿ.

ಮಲೆನಾಡ ಕುದುರೆ · ಶನಿವಾರ, ರಾತ್ರಿ 11:52

ಮೇಡಂ, ಮೊದಲು ಲೆಕ್ಕ ನೋಡೋಣ. ಪ್ರತಿ ಆಟಕ್ಕೂ ನಾಣ್ಯ ಚಿಮ್ಮಿ ಬಣ್ಣ ಕೊಟ್ಟರೆ 10 ಆಟಕ್ಕೆ ಒಟ್ಟು 1024 ರೀತಿಯ ಸಾಲು ಬರಬಹುದು. 8 ಅಥವಾ ಅದಕ್ಕಿಂತ ಜಾಸ್ತಿ ಕಪ್ಪು ಇರುವ ಸಾಲು ಅದರಲ್ಲಿ 56. ಅಂದರೆ ಸುಮಾರು 18 ವಾರಕ್ಕೆ ಒಂದು ವಾರ ನಿಮಗೆ ಹೀಗೆ ಆಗಬೇಕು. ವರ್ಷಕ್ಕೆ ಮೂರು ಸಲ.

ಸರಿಯಾಗಿ 5 ಬಿಳಿ 5 ಕಪ್ಪು ಬರುವುದು ನಾಲ್ಕು ವಾರಕ್ಕೆ ಒಂದೇ ಸಲ. ನಮ್ಮ ಮನಸ್ಸಿಗೆ ಅದೇ ಮಾಮೂಲಿ ಅನ್ನಿಸುತ್ತದೆ, ಉಳಿದದ್ದೆಲ್ಲ ಅನುಮಾನ ಹುಟ್ಟಿಸುತ್ತದೆ.

ಸತತವಾಗಿ ಒಂದೇ ಬಣ್ಣ ಬರುವುದೂ ಹಾಗೇ. 20 ಆಟ ಆಡಿದರೆ ಅದರೊಳಗೆ ಎಲ್ಲಾದರೂ ಐದು ಕಪ್ಪು ಸಾಲಾಗಿ ಬರುವ ಸಾಧ್ಯತೆ 25%. ಕಪ್ಪೋ ಬಿಳಿಯೋ ಯಾವುದಾದರೂ ಒಂದು ಅಂತ ಹಿಡಿದರೆ 46%. ನನ್ನ ತಂಗಿಗೆ ಇದನ್ನು ನಂಬಿಸಲು ಒಂದು ರೂಪಾಯಿ ನಾಣ್ಯ ಕೊಟ್ಟು 20 ಸಲ ಚಿಮ್ಮಿಸಿ ಬರೆಸಿದೆ. ಮೊದಲ ಹಾಳೆಯಲ್ಲೇ ಐದು ಹೆಡ್ ಸಾಲಾಗಿ ಬಂತು. ನೀವೂ ಮಾಡಿ ನೋಡಿ, ಕೈಯಾರೆ ಮಾಡಿದರೆ ಮನಸ್ಸು ಒಪ್ಪುತ್ತದೆ.

ಹಿಂದಿನ ಬೆಂಚು · ಭಾನುವಾರ, ಬೆಳಿಗ್ಗೆ 7:15

ಲೆಕ್ಕ ಸರಿ ಇದೆ. ಆದರೆ ಮೇಡಂ ಕೇಳಿದ್ದು ಎರಡು ಪ್ರಶ್ನೆ. ರ‍್ಯಾಂಡಮ್ಮಾ ಅನ್ನುವುದಕ್ಕೆ ಉತ್ತರ ಸಿಕ್ಕಿತು. ನ್ಯಾಯವಾ ಅನ್ನುವುದು ಹಾಗೇ ಉಳಿದಿದೆ.

"ಮುಂದೆ ಎಲ್ಲ ಸರಿಹೋಗುತ್ತದೆ" ಅಂತ ಎಲ್ಲರೂ ಹೇಳುತ್ತಾರಲ್ಲ, ಅದರಲ್ಲಿ ಅರ್ಧ ಮಾತ್ರ ನಿಜ. ನಾಣ್ಯಕ್ಕೆ ನೆನಪಿಲ್ಲ. ಈ ವಾರ ಆರು ಕಪ್ಪು ಜಾಸ್ತಿ ಬಂತು ಅಂತ ಮುಂದಿನ ವಾರ ಆರು ಬಿಳಿ ಜಾಸ್ತಿ ಕೊಡುವುದಿಲ್ಲ. ಶೇಕಡಾವಾರು ಅರ್ಧಕ್ಕೆ ಹತ್ತಿರ ಬರುತ್ತದೆ, ನಿಜ. ಆದರೆ ಬಿಳಿ ಎಷ್ಟು, ಕಪ್ಪು ಎಷ್ಟು ಅಂತ ಎಣಿಸಿದರೆ ಆ ಅಂತರ ಸಾಮಾನ್ಯವಾಗಿ ಬೆಳೆಯುತ್ತಲೇ ಹೋಗುತ್ತದೆ. 10 ಆಟಕ್ಕೆ ಸುಮಾರು 3, 100 ಆಟಕ್ಕೆ 10, 1000 ಆಟಕ್ಕೆ 32. ಸಾವಿರ ಆಟ ಆಡಿದವರಿಗೆ 470 ಬಿಳಿ, 530 ಕಪ್ಪು ಬಂದಿದ್ದರೆ ಅದರಲ್ಲಿ ಮೋಸವೇನೂ ಇರಬೇಕಿಲ್ಲ. ಆದರೆ ಆ 60 ಆಟದ ಅಂತರವನ್ನು ಯಾರೂ ವಾಪಸ್ ಕೊಡುವುದಿಲ್ಲ.

ಸೈಟ್‌ನಲ್ಲಿ ಲಕ್ಷಾಂತರ ಆಟ ನಡೆಯುತ್ತವೆ, ಅವರ ಕಡೆಯಿಂದ ನೋಡಿದರೆ ಎಲ್ಲ ಸಮ. ವಾರಕ್ಕೆ ಹತ್ತು ಆಟ ಆಡುವವರ ಕಡೆಯಿಂದ ನೋಡಿದರೆ ಹಾಗಿಲ್ಲ. ನನಗೆ ಎರಡನೆಯದೇ ಮುಖ್ಯ.

ಕಪ್ಪಿನ ಕಡೆ · ಭಾನುವಾರ, ಬೆಳಿಗ್ಗೆ 9:30

ನ್ಯಾಯ ಅನ್ಯಾಯ ಅನ್ನುವ ಮೊದಲು ಕಪ್ಪು ಬಂದರೆ ನಿಜವಾಗಿ ಎಷ್ಟು ನಷ್ಟ ಅಂತ ನೋಡಬೇಕು. ಇದನ್ನು ನಾನು ತುಂಬಾ ದಿನದಿಂದ ಹೇಳುತ್ತಾ ಬಂದಿದ್ದೇನೆ.

ದೊಡ್ಡ ಆಟಗಾರರ ಆಟಗಳ ಸಂಗ್ರಹ ನೋಡಿದರೆ ಬಿಳಿ ಕಡೆಯವರು ಪಡೆಯುವ ಅಂಕ ಸುಮಾರು 54ರಿಂದ 55%. ಡ್ರಾ ಅಂದರೆ ಅರ್ಧ ಅಂಕ ಅಂತ ಹಿಡಿದು. ನಮ್ಮಂಥವರ ಆನ್‌ಲೈನ್ ಆಟದಲ್ಲಿ ಅದು 52%ರ ಆಸುಪಾಸು. ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಅಂಕಿ, ಅದರ ಭಾಷೆಯಲ್ಲಿ ಹೇಳಿದರೆ ದೊಡ್ಡವರಿಗೆ 35 ಪಾಯಿಂಟ್ ಲಾಭ, ನಮಗೆ 14.

ಈಗ ಮೇಡಂ ಅವರ ವಾರಕ್ಕೆ ಬನ್ನಿ. 5 ಕಪ್ಪು ಬರಬೇಕಿದ್ದ ಕಡೆ 8 ಬಂತು. ಮೂರು ಆಟ ಬಿಳಿಯಿಂದ ಕಪ್ಪಿಗೆ ಹೋಯಿತು. ಒಂದೊಂದಕ್ಕೆ 4% ನಷ್ಟ. ಒಟ್ಟು 0.12 ಅಂಕ. ಒಂದು ಡ್ರಾದ ಕಾಲು ಭಾಗವೂ ಇಲ್ಲ. ಗುರುವಾರದ ಆ ರೂಕ್ ಎಂಡ್‌ಗೇಮ್‌ನಲ್ಲಿ ಬಿಟ್ಟ ಒಂದು ಪಾನ್, ಇಡೀ ವಾರದ ಬಣ್ಣಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಕಿತ್ತುಕೊಂಡಿದೆ. ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಅಂಥ ಪಾನ್ ಎಷ್ಟೋ ಬಿಟ್ಟಿದ್ದೇನೆ.

ಆಟದ ಮಟ್ಟ ಏರಿದ ಹಾಗೆ ಬಿಳಿಯ ಬೆಲೆ ಏರುತ್ತದೆ. 2017ರಲ್ಲಿ ಆಲ್ಫಾಝೀರೋ ಮತ್ತು ಸ್ಟಾಕ್‌ಫಿಶ್ ಅನ್ನುವ ಚೆಸ್ ಪ್ರೋಗ್ರಾಂಗಳು 100 ಆಟ ಆಡಿದವಲ್ಲ, ಇಬ್ಬರಿಗೂ 50-50 ಬಿಳಿ. ಆಲ್ಫಾಝೀರೋ ಗೆದ್ದ 28ರಲ್ಲಿ 25 ಬಿಳಿಯಲ್ಲಿ, ಮೂರು ಮಾತ್ರ ಕಪ್ಪಿನಲ್ಲಿ. ತಪ್ಪೇ ಮಾಡದವರ ನಡುವೆ ಮೊದಲ ನಡೆ ದೊಡ್ಡದು. ಪ್ರತಿ ಆಟದಲ್ಲೂ ಇಬ್ಬರೂ ಐದಾರು ತಪ್ಪು ಮಾಡುವ ನಮ್ಮಲ್ಲಿ ಅದು ಅಷ್ಟರಲ್ಲೇ ಕರಗಿಹೋಗುತ್ತದೆ.

ಮನುಷ್ಯರ ಆಟದಲ್ಲಂತೂ ಬಣ್ಣವೇ ಹಣೆಬರಹ ಅಲ್ಲ. 2024ರಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್ ಎದುರಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗುಕೇಶ್ ಮೊದಲ ಆಟವನ್ನು ಬಿಳಿಯಲ್ಲಿ ಸೋತರು. ಡಿಸೆಂಬರ್ 12ರಂದು 14ನೇ ಆಟವನ್ನು ಕಪ್ಪಿನಲ್ಲಿ ಗೆದ್ದು ವಿಶ್ವ ಚಾಂಪಿಯನ್ ಆದರು. ಆ ಕೊನೆಯ ಆಟ ನಾನು ಆಫೀಸಿನಲ್ಲಿ ಫೋನ್ ಮೇಜಿಗೆ ಒರಗಿಸಿಟ್ಟು ನೋಡಿದ್ದೆ. ಡಿಂಗ್ ರೂಕ್ ಎಫ್2 ಅನ್ನುವ ತಪ್ಪು ನಡೆ ಆಡಿದಾಗ ಗುಕೇಶ್ ಮುಖ ಬದಲಾದದ್ದು ಇನ್ನೂ ಕಣ್ಣ ಮುಂದಿದೆ. 2013ರಲ್ಲಿ ಚೆನ್ನೈನಲ್ಲಿ ನಡೆದ ಆನಂದ್-ಕಾರ್ಲ್‌ಸನ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯದಲ್ಲೂ ಹಾಗೇ. ಕಾರ್ಲ್‌ಸನ್ ಗೆದ್ದ ಮೂರರಲ್ಲಿ ಎರಡು ಕಪ್ಪಿನಲ್ಲಿ.

ರಾತ್ರಿಯಾಟ · ಭಾನುವಾರ, ಬೆಳಿಗ್ಗೆ 10:05

ಸರ್, 0.12 ಅನ್ನುವ ಲೆಕ್ಕ ನೋಡಿ ನಿಜಕ್ಕೂ ಸಮಾಧಾನ ಆಯಿತು. ಆದರೆ ನನ್ನ ಬೇಜಾರು ಬರೀ ಅಂಕದ್ದಲ್ಲ. ಬಿಳಿ ಬಂದರೆ ಆಟ ಯಾವ ಕಡೆ ಹೋಗಬೇಕು ಅಂತ ಶುರುವಿನಲ್ಲಿ ನಾನು ಹೇಳುತ್ತೇನೆ. ಕಪ್ಪು ಬಂದರೆ ಅವರು ಹೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ವಾರಪೂರ್ತಿ ಉತ್ತರ ಕೊಡುವುದೇ ಆಯಿತು. ಕಲಿಯುವವರಿಗೆ ಎರಡೂ ಸಿಗಬೇಕು ಅಲ್ವಾ?

ಗಡಿಯಾರದ ಪಕ್ಕ · ಭಾನುವಾರ, ಮಧ್ಯಾಹ್ನ 1:40

ನಾನು ಹಲವು ವರ್ಷದಿಂದ ಟೂರ್ನಮೆಂಟ್‌ಗಳಲ್ಲಿ ಆರ್ಬಿಟರ್ (ತೀರ್ಪುಗಾರ) ಆಗಿ ಕೆಲಸ ಮಾಡುತ್ತಿದ್ದೇನೆ. ಎದುರುಬದುರು ಕೂತು ಆಡುವ ಚೆಸ್ ಈ ಪ್ರಶ್ನೆಗೆ ಎಂದೋ ಉತ್ತರ ಕಂಡುಕೊಂಡಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮನೆಯಲ್ಲಿ ಆಡುವಾಗ ಒಂದು ಬಿಳಿ ಪಾನ್, ಒಂದು ಕರಿ ಪಾನ್ ಬೆನ್ನ ಹಿಂದೆ ಅದಲು ಬದಲು ಮಾಡಿ ಮುಷ್ಟಿ ಚಾಚುತ್ತೇವಲ್ಲ, ಅದು ಶುದ್ಧ ರ‍್ಯಾಂಡಮ್. ಆದರೆ ಅದೇ ಗೆಳೆಯನ ಜೊತೆ ಎರಡನೇ ಆಟಕ್ಕೆ ಯಾರೂ ಮತ್ತೆ ಮುಷ್ಟಿ ಚಾಚುವುದಿಲ್ಲ. ಮಣೆ ತಿರುಗಿಸಿಕೊಳ್ಳುತ್ತೇವೆ. ಅದೃಷ್ಟ ಮೊದಲ ಆಟಕ್ಕೆ ಮಾತ್ರ, ಆಮೇಲೆ ಸರದಿ. ಇದು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ, ಮಕ್ಕಳೂ ಹಾಗೇ ಮಾಡುತ್ತಾರೆ.

ಸ್ವಿಸ್ ಪದ್ಧತಿಯ ಟೂರ್ನಮೆಂಟ್‌ನಲ್ಲೂ, ಅಂದರೆ ಪ್ರತಿ ಸುತ್ತಿನಲ್ಲಿ ಹತ್ತಿರದ ಅಂಕ ಇರುವವರನ್ನು ಜೋಡಿ ಮಾಡುವ ಕಡೆಯೂ, ಅದೇ ತತ್ವ. ಮೊದಲ ಸುತ್ತಿಗೆ ಮುಂಚೆ ಒಂದೇ ಒಂದು ಸಲ ಚೀಟಿ ಎತ್ತುತ್ತೇವೆ. ಅಗ್ರ ಶ್ರೇಯಾಂಕದವರಿಗೆ ಬಿಳಿ ಬಂದರೆ ಎರಡನೇ ಬೋರ್ಡಿನ ಶ್ರೇಯಾಂಕಿತರಿಗೆ ಕಪ್ಪು, ಮೂರನೇ ಬೋರ್ಡಿನಲ್ಲಿ ಮತ್ತೆ ಬಿಳಿ, ಹೀಗೆ ಬದಲಾಗುತ್ತಾ ಹೋಗುತ್ತದೆ. ಅದಾದ ಮೇಲೆ ಅದೃಷ್ಟಕ್ಕೆ ಕೆಲಸ ಬಹಳ ಕಡಿಮೆ. ಯಾರಿಗೆ ಹಿಂದೆ ಯಾವ ಬಣ್ಣ ಎಷ್ಟು ಸಲ ಬಂದಿದೆ ಅನ್ನುವುದನ್ನು ನೋಡಿಯೇ ಜೋಡಿ ಮಾಡಬೇಕು. ಒಂದೇ ಬಣ್ಣ ಸತತ ಮೂರು ಸಲ ಕೊಡುವಂತಿಲ್ಲ. ಬಿಳಿ ಕಪ್ಪಿನ ಅಂತರ ಎರಡನ್ನು ಮೀರುವಂತಿಲ್ಲ. ಕೊನೆಯ ಸುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಕ ಇರುವವರ ಜೋಡಿ ಕೂಡಿಸಲು ಬೇಕಾದರೆ ಮಾತ್ರ ಸಡಿಲ ಮಾಡಬಹುದು.

ಎಷ್ಟೋ ಸಲ ಪೋಷಕರು ಬಂದು "ನಮ್ಮ ಮಗಳಿಗೆ ಮತ್ತೆ ಯಾಕೆ ಕಪ್ಪು" ಅಂತ ಕೇಳುತ್ತಾರೆ. ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ಗೋಡೆಗೆ ಅಂಟಿಸಿದ ಪಟ್ಟಿ ತೋರಿಸಿ, "ನೋಡಿ, ಇಬ್ಬರಿಗೂ ಈ ಸಲ ಬಿಳಿ ಬರಬೇಕಿತ್ತು. ಇಬ್ಬರ ಬಣ್ಣದ ಸಾಲನ್ನು ಹಿಂದಿನಿಂದ ಹೋಲಿಸಿದಾಗ ಆ ಹುಡುಗನಿಗೆ ಹಕ್ಕು ಬಂತು" ಅಂತ ವಿವರಿಸುತ್ತೇನೆ. ಅವರಿಗೆ ಖುಷಿ ಆಗದೇ ಇರಬಹುದು, ಆದರೆ ಕಾರಣ ಸಿಗುತ್ತದೆ. ಆನ್‌ಲೈನ್‌ನಲ್ಲಿ ಆಡುವವರಿಗೆ ಆ ಪಟ್ಟಿಯೇ ಕಾಣುವುದಿಲ್ಲ. ನನಗೆ ಅಲ್ಲಿ ಕೊರತೆ ಅನ್ನಿಸುವುದು ಇದೇ.

ಪಿಯುಸಿ ಪಾನ್ · ಭಾನುವಾರ, ಮಧ್ಯಾಹ್ನ 2:10

ಸರ್, ಒಂದು ಸಂದೇಹ. 9 ಸುತ್ತಿನ ಟೂರ್ನಮೆಂಟ್ ಆದರೆ ಒಬ್ಬರಿಗೆ 5 ಬಿಳಿ, ಇನ್ನೊಬ್ಬರಿಗೆ 4 ಬರುತ್ತದಲ್ಲ? ಅದಕ್ಕೆ ಪರಿಹಾರ ಇಲ್ವಾ?

ಗಡಿಯಾರದ ಪಕ್ಕ · ಭಾನುವಾರ, ಮಧ್ಯಾಹ್ನ 2:35

ಒಳ್ಳೆಯ ಪ್ರಶ್ನೆ ಮರಿ. ಬೆಸ ಸಂಖ್ಯೆಯ ಸುತ್ತು ಇದ್ದರೆ ಅಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಅದಕ್ಕೇ ವಿಶ್ವ ಚೆಸ್ ಸಂಸ್ಥೆ ಫಿಡೆಯ ಟೈಬ್ರೇಕ್‌ಗಳಲ್ಲಿ (ಅಂಕ ಸಮ ಆದಾಗ ಯಾರು ಮುಂದೆ ಅಂತ ತೀರ್ಮಾನಿಸುವ ನಿಯಮಗಳು) "ಹೆಚ್ಚು ಆಟ ಕಪ್ಪಿನಲ್ಲಿ ಆಡಿದವರು ಮುಂದೆ" ಅನ್ನುವುದೂ ಒಂದು. ಕಪ್ಪಿನಲ್ಲಿ ಎಷ್ಟು ಗೆದ್ದರು ಅನ್ನುವುದೂ ಇನ್ನೊಂದು. ಸಂಘಟಕರು ಬೇಕಾದರೆ ಬಳಸಬಹುದು. ವಿಶ್ವ ಚಾಂಪಿಯನ್‌ಗೆ ಎದುರಾಳಿ ಯಾರು ಅಂತ ತೀರ್ಮಾನಿಸುವ ಕ್ಯಾಂಡಿಡೇಟ್ಸ್‌ನಂಥ ದೊಡ್ಡ ಟೂರ್ನಮೆಂಟ್‌ನಲ್ಲಿ ಈ ಗೋಳೇ ಇಲ್ಲ. 8 ಜನ, ಪ್ರತಿಯೊಬ್ಬರ ಜೊತೆ ಎರಡೆರಡು ಆಟ, ಎಲ್ಲರಿಗೂ 7 ಬಿಳಿ 7 ಕಪ್ಪು.

ಸರ್ವರ್ ರೂಂ · ಭಾನುವಾರ, ಸಂಜೆ 5:20

ಸಾಫ್ಟ್‌ವೇರ್ ಕೆಲಸ ಮಾಡುವವನಾಗಿ ಒಂದು ಮಾತು. ಎಲ್ಲ ಸೈಟ್‌ಗಳೂ ಬರೀ ನಾಣ್ಯ ಚಿಮ್ಮುತ್ತವೆ ಅಂದುಕೊಳ್ಳಬೇಡಿ. ಲಿಚೆಸ್ ಅನ್ನುವ ಚೆಸ್ ಸೈಟ್‌ನ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಓದಬಹುದು. ತಾನಾಗಿ ಜೋಡಿ ಮಾಡುವಾಗ ಇಬ್ಬರ ಹಿಂದಿನ ಬಣ್ಣದ ಲೆಕ್ಕ ನೋಡಿ, ಬಿಳಿ ಕಡಿಮೆ ಸಿಕ್ಕವರಿಗೆ ಬಿಳಿ ಕೊಡುವ ಏರ್ಪಾಡು ಅದರಲ್ಲಿದೆ.

"ಒಂದು ಸಲ ಬಿಳಿ, ಒಂದು ಸಲ ಕಪ್ಪು ಅಂತ ಎಲ್ಲರಿಗೂ ಕಟ್ಟುನಿಟ್ಟಾಗಿ ಮಾಡಿ" ಅಂತ ಕೇಳುವವರಿದ್ದಾರೆ. ಅದು ಯಾಕೆ ಕಷ್ಟ ಅಂದರೆ, ಕಾಯುತ್ತಿರುವ ಇಬ್ಬರಿಗೂ ಬಿಳಿಯ ಸರದಿ ಇದ್ದರೆ ಅವರನ್ನು ಜೋಡಿ ಮಾಡುವ ಹಾಗೇ ಇಲ್ಲ. ಕಪ್ಪಿನ ಸರದಿಯವರು ಬರುವ ತನಕ ಇಬ್ಬರೂ ಕಾಯಬೇಕು. ಸಂಜೆ ಹೊತ್ತು ಬ್ಲಿಟ್ಜ್ ಆಡುವವರಿಗೆ ಎರಡು ಸೆಕೆಂಡ್ ತಡ ಆಗಬಹುದು ಅಷ್ಟೆ. ರಾತ್ರಿ 12ಕ್ಕೆ 15+15 ಹುಡುಕುವವರಿಗೆ ಹತ್ತು ನಿಮಿಷ ಆಗಬಹುದು. ಇಲ್ಲವೇ ರೇಟಿಂಗ್ ತುಂಬಾ ದೂರ ಇರುವವರ ಜೊತೆ ಜೋಡಿ ಬೀಳಬಹುದು. 200 ಪಾಯಿಂಟ್ ಮೇಲಿರುವವರ ಎದುರು ಬಿಳಿ ಸಿಗುವುದಕ್ಕಿಂತ ಸಮಾನರ ಎದುರು ಕಪ್ಪು ಸಿಗುವುದು ಎಷ್ಟೋ ವಾಸಿ.

ಅದಕ್ಕೆ ನಡುವಿನ ದಾರಿ ಇಷ್ಟು: ಜೋಡಿಯನ್ನು ರೇಟಿಂಗ್ ನೋಡಿ ಮಾಡು. ಆಮೇಲೆ ಇವರಿಬ್ಬರಲ್ಲಿ ಬಿಳಿ ಯಾರಿಗೆ ಬಾಕಿ ಇದೆ ನೋಡು. ಬಾಕಿ ಸಮ ಇದ್ದರೆ ಹಿಂದಿನ ಆಟದ ಬಣ್ಣ ನೋಡು. ಅದೂ ಒಂದೇ ಆದರೆ ನಾಣ್ಯ ಚಿಮ್ಮು. ಹೀಗೆ ಮಾಡಿದರೆ ಯಾರೂ ಕಾಯಬೇಕಿಲ್ಲ, ಅಂತರವೂ ಬೆಳೆಯುವುದಿಲ್ಲ.

ರಾತ್ರಿಯಾಟ ಮೇಡಂ, ನಿಮಗೊಂದು ಪ್ರಶ್ನೆ. ನೀವು ಜೋಡಿ ಹೇಗೆ ಹುಡುಕುತ್ತೀರಿ? "ಆಡು" ಅಂತ ಒತ್ತಿ ಕಾಯುತ್ತೀರಾ, ಇಲ್ಲ ಬೇರೆಯವರು ಹಾಕಿದ ಆಹ್ವಾನಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳುತ್ತೀರಾ?

ರಾತ್ರಿಯಾಟ · ಭಾನುವಾರ, ರಾತ್ರಿ 9:45

ಪಟ್ಟಿಯಿಂದ ಸರ್. 15+15ಕ್ಕೆ ಒತ್ತಿ ಕಾದರೆ ಆ ಹೊತ್ತಿನಲ್ಲಿ ಬೇಗ ಯಾರೂ ಸಿಗುವುದಿಲ್ಲ. ಪಟ್ಟಿಯಲ್ಲಿ ನನ್ನ ರೇಟಿಂಗ್‌ಗೆ ಹತ್ತಿರ ಇರುವವರು ಕಂಡರೆ ಅದರ ಮೇಲೆ ಒತ್ತುತ್ತೇನೆ.

ಸರ್ವರ್ ರೂಂ · ಭಾನುವಾರ, ರಾತ್ರಿ 9:58

ಹಾಗಾದರೆ ನಿಮ್ಮ 10 ಆಟದಲ್ಲಿ ಎಷ್ಟು ಪಟ್ಟಿಯಿಂದ ಬಂದವು ನೋಡಿ. ಪಟ್ಟಿಯಲ್ಲಿ ಪ್ರತಿ ಆಹ್ವಾನದ ಪಕ್ಕ ಒಂದು ಸಣ್ಣ ಗುರುತು ಇರುತ್ತದೆ. ಹಾಕಿದವರು ಬಣ್ಣ ಆರಿಸಿದ್ದರೆ ಅದು ಅಲ್ಲಿ ಕಾಣುತ್ತದೆ. ಬಿಳಿ ಬೇಕು ಅಂತ ಆಹ್ವಾನ ಹಾಕಿದವರನ್ನು ನೀವು ಒಪ್ಪಿಕೊಂಡರೆ ನಿಮಗೆ ಉಳಿಯುವುದು ಕಪ್ಪು. ಅಲ್ಲಿ ನಾಣ್ಯವೇ ಇಲ್ಲ.

ಸುಮ್ನೆ ಒಂದು ಉದಾಹರಣೆಗೆ, ಆಹ್ವಾನ ಹಾಕುವ ಮೂವರಲ್ಲಿ ಒಬ್ಬರು ಬಿಳಿ ಆರಿಸುತ್ತಾರೆ, ಇಬ್ಬರು ರ‍್ಯಾಂಡಮ್ ಬಿಡುತ್ತಾರೆ ಅಂತ ಇಟ್ಟುಕೊಳ್ಳಿ. ಆಗ ನಿಮಗೆ ಕಪ್ಪು ಬರುವ ಸಾಧ್ಯತೆ ಅರ್ಧಕ್ಕೆ ನಿಲ್ಲುವುದಿಲ್ಲ, ಮೂರರಲ್ಲಿ ಎರಡಾಗುತ್ತದೆ. ವಾರಕ್ಕೆ ಹತ್ತು ಆಟ ಆಡಿದರೆ ಏಳು ಕಪ್ಪು ಬರುವುದು ಅಲ್ಲಿ ಮಾಮೂಲಿ.

ರಾತ್ರಿಯಾಟ · ಭಾನುವಾರ, ರಾತ್ರಿ 10:50

ಈಗ ತಾನೇ ಪಟ್ಟಿ ತೆರೆದು ನೋಡಿದೆ ಸರ್. ಐದು ವರ್ಷದಿಂದ ದಿನಾ ನೋಡುವ ಪಟ್ಟಿ. ಹೆಸರು, ರೇಟಿಂಗ್, ಸಮಯ, ಇಷ್ಟೇ ನೋಡುತ್ತಿದ್ದೆ. ಹೆಸರಿನ ಎಡಕ್ಕೆ ಅಕ್ಕಿಕಾಳಿನಷ್ಟು ಒಂದು ವೃತ್ತ ಇದೆ. ಕೆಲವಕ್ಕೆ ಅರ್ಧ ಕಪ್ಪು ಅರ್ಧ ಬಿಳಿ, ಕೆಲವಕ್ಕೆ ಪೂರ್ತಿ ಬಿಳಿ. ಅದು ಅಲಂಕಾರ ಅಂದುಕೊಂಡಿದ್ದೆ. ಈಗ ಪಟ್ಟಿಯಲ್ಲಿರುವ ಏಳು ಆಹ್ವಾನದಲ್ಲಿ ನಾಲ್ಕಕ್ಕೆ ಬಿಳಿ ವೃತ್ತ ಇದೆ. ಕಪ್ಪು ಆರಿಸಿದವರು ಒಬ್ಬರೂ ಇಲ್ಲ.

ಈ ವಾರದ 10ರಲ್ಲಿ 9 ಆಟ ಪಟ್ಟಿಯಿಂದ ಬಂದದ್ದು. ಗುರುವಾರ ಸೋತ ಆಟವೂ ಅದೇ. ನಾನು ಯಂತ್ರದ ಮೇಲೆ ಅನುಮಾನ ಪಟ್ಟೆ. ಬಣ್ಣ ಆರಿಸಿದ್ದು ಎದುರಿನ ಮನುಷ್ಯರು.

ಹಿಂದಿನ ಬೆಂಚು · ಭಾನುವಾರ, ರಾತ್ರಿ 11:15

ಇದಕ್ಕೇ ನಾನು ನ್ಯಾಯದ ಪ್ರಶ್ನೆ ಬೇರೆ ಅಂದದ್ದು. ನಾಣ್ಯ ನ್ಯಾಯವಾಗಿರುವುದು ಇಬ್ಬರೂ ಅದಕ್ಕೆ ಬಿಟ್ಟುಕೊಟ್ಟಾಗ ಮಾತ್ರ. ಒಬ್ಬರು ಮೊದಲೇ ಬಿಳಿ ಎತ್ತಿಟ್ಟುಕೊಂಡು, ಉಳಿದವರಿಗೆ ನಾಣ್ಯ ಚಿಮ್ಮಿದರೆ ನಷ್ಟ ಹೋಗಿ ಬೀಳುವುದು ಏನೂ ಆರಿಸದ ಸಾಧುಗಳ ಮೇಲೆ.

ರೇಟಿಂಗ್ ಇರುವ ಆಟದಲ್ಲಿ ಬಣ್ಣ ಆರಿಸಲು ಬಿಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಫಿಡೆಯ ರೇಟಿಂಗ್ ಸೂತ್ರಕ್ಕೆ ಯಾರು ಯಾವ ಬಣ್ಣದಲ್ಲಿ ಆಡಿದರು ಅನ್ನುವುದು ಬೇಕಾಗಿಲ್ಲ, ಯಾಕೆಂದರೆ ಅಲ್ಲಿ ಬಣ್ಣ ಆರ್ಬಿಟರ್ ಕೈಯಲ್ಲಿದೆ, ಸಮ ಆಗಿಯೇ ಬರುತ್ತದೆ. ಅಂಥದೇ ಸೂತ್ರ ಇಟ್ಟುಕೊಂಡು ಬಣ್ಣ ಆರಿಸಲು ಬಿಟ್ಟರೆ ಸದಾ ಬಿಳಿ ಆಡುವವರ ರೇಟಿಂಗ್‌ನಲ್ಲಿ ಆ 14 ಪಾಯಿಂಟ್ ಸುಳ್ಳಾಗಿ ಸೇರಿಕೊಳ್ಳುತ್ತದೆ.

ಫ್ರೆಂಚ್ ಡಿಫೆನ್ಸ್ · ಸೋಮವಾರ, ಬೆಳಿಗ್ಗೆ 6:30

ಬಣ್ಣ ಆರಿಸುವುದನ್ನು ಪೂರ್ತಿ ತೆಗೆಯಬೇಡಿ ಅಂತ ನನ್ನ ಕೋರಿಕೆ. ಎರಡು ವರ್ಷದ ಹಿಂದೆ ಫ್ರೆಂಚ್ ಡಿಫೆನ್ಸ್ ಅನ್ನುವ ಕಪ್ಪಿನ ಓಪನಿಂಗ್ (ಆಟದ ಆರಂಭ) ಕಲಿಯುವಾಗ ಮೂರು ತಿಂಗಳು ನಾನು ಕಪ್ಪನ್ನೇ ಆರಿಸಿ ಆಡಿದೆ. ಒಂದೇ ಸ್ಥಾನವನ್ನು ಮತ್ತೆ ಮತ್ತೆ ಆಡದೇ ಓಪನಿಂಗ್ ಕೈಗೆ ಹತ್ತುವುದಿಲ್ಲ. ರೇಟಿಂಗ್ ಇಲ್ಲದ ಆಟದಲ್ಲಿ ಅದಕ್ಕೆ ಅವಕಾಶ ಇರಲಿ. ರೇಟಿಂಗ್ ಆಟದಲ್ಲಿ ಬೇಡ, ಒಪ್ಪುತ್ತೇನೆ.

ಅಪ್ಪ ಮಗ · ಸೋಮವಾರ, ಬೆಳಿಗ್ಗೆ 8:05

ನನ್ನ ಮಗನಿಗೆ 11 ವರ್ಷ. ಕಳೆದ ತಿಂಗಳು ಅವನ ಹಿಂದೆ ನಿಂತು ನೋಡುತ್ತಿದ್ದೆ. ಜೋಡಿ ಸಿಕ್ಕಿತು, ಕಪ್ಪು ಬಂತು, ತಕ್ಷಣ ಅಬಾರ್ಟ್ (ಆಟ ರದ್ದು) ಒತ್ತಿದ. ಮತ್ತೆ ಹುಡುಕಿದ, ಮತ್ತೆ ಕಪ್ಪು, ಮತ್ತೆ ಅಬಾರ್ಟ್. ಮೂರನೇ ಸಲ ಬಿಳಿ ಬಂದ ಮೇಲೆ ಆಡಲು ಕೂತ. "ಯಾಕೋ?" ಅಂದೆ. "ಎಲ್ಲರೂ ಹಾಗೇ ಮಾಡ್ತಾರಪ್ಪ" ಅಂದ. ಮಾರನೇ ದಿನ ಸೈಟ್ ಅವನಿಗೆ ಸ್ವಲ್ಪ ಹೊತ್ತು ಆಟ ನಿಲ್ಲಿಸಿತು. ಅತ್ತುಬಿಟ್ಟ.

ಬೈಯಲಿಲ್ಲ. ಮನೆಯ ಮಣೆ ತೆಗೆದು ಹತ್ತು ದಿನ ಅವನಿಗೆ ಕಪ್ಪು, ನನಗೆ ಬಿಳಿ ಅಂತ ಆಡಿದೆವು. ಆರನೇ ದಿನ ಸಿಸಿಲಿಯನ್ ಓಪನಿಂಗ್‌ನಲ್ಲಿ ನನ್ನನ್ನು ಸೋಲಿಸಿದ. ಈಗ ಕಪ್ಪು ಬಂದರೆ ಅಬಾರ್ಟ್ ಒತ್ತುವುದಿಲ್ಲ. ಆದರೆ ಅವತ್ತು ಅವನು ಬಿಟ್ಟುಹೋದ ಆ ಇಬ್ಬರು ಎದುರಾಳಿಗಳ ನೆನಪು ನನಗೆ ಈಗಲೂ ಬರುತ್ತದೆ. ಅವರಿಗೆ ಬಿಳಿ ಸಿಕ್ಕಿತ್ತು, ಅದನ್ನು ಇವನು ಕಿತ್ತುಕೊಂಡ.

ಸರ್ವರ್ ರೂಂ · ಸೋಮವಾರ, ಬೆಳಿಗ್ಗೆ 8:40

ಅಣ್ಣ, ನೀವು ಮಾಡಿದ್ದು ತುಂಬಾ ಒಳ್ಳೆಯ ಕೆಲಸ. ಬಣ್ಣದ ಲೆಕ್ಕ ಇಡುವ ಸೈಟ್‌ಗೂ ಅಬಾರ್ಟ್ ದೊಡ್ಡ ತಲೆನೋವು. ಆಡದೇ ಬಿಟ್ಟ ಆಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬಿಟ್ಟವರಿಗೆ ಬಿಳಿಯ ಬಾಕಿ ಹಾಗೇ ಉಳಿಯುತ್ತದೆ. ಹಿಡಿದರೆ, ಅವರಿಗೆ ಒಂದು ಕಪ್ಪು ಆಡಿದ ಹಾಗೆ ಆಗುತ್ತದೆ. ಹೇಗೆ ಬರೆದರೂ ತಪ್ಪಿಸಿಕೊಂಡವರಿಗೆ ಲಾಭ. ಅದಕ್ಕೇ ಮತ್ತೆ ಮತ್ತೆ ಅಬಾರ್ಟ್ ಮಾಡುವವರನ್ನು ಸ್ವಲ್ಪ ಹೊತ್ತು ಹೊರಗಿಡುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಮಲೆನಾಡ ಕುದುರೆ · ಸೋಮವಾರ, ಮಧ್ಯಾಹ್ನ 1:15

ಬೇರೆ ಆಟಗಳು ಏನು ಮಾಡಿವೆ ನೋಡಿ. ಗೋ ಅನ್ನುವ ಮಣೆ ಆಟದಲ್ಲಿ ಕಪ್ಪು ಮೊದಲು ಆಡುತ್ತದೆ, ಅದಕ್ಕೆ ಬದಲಾಗಿ ಬಿಳಿಗೆ ಅಂಕ ಕೊಡುತ್ತಾರೆ. ಜಪಾನ್‌ನಲ್ಲಿ 6.5, ಚೀನಾದಲ್ಲಿ 7.5. ಚೆಸ್‌ನಲ್ಲಿ ಹಾಗೆ ಅಂಕ ಕೊಡಲು ಬರುವುದಿಲ್ಲ, ಆದ್ದರಿಂದ ಸಮ ಆದಾಗ ಗೆದ್ದವರನ್ನು ತೀರ್ಮಾನಿಸಲು ಆಡಿಸುವ ಆರ್ಮಗೆಡನ್ ಆಟದಲ್ಲಿ ಸಮಯದಿಂದ ತೂಗುತ್ತಾರೆ. ನಾರ್ವೆ ಚೆಸ್‌ನಲ್ಲಿ ಬಿಳಿಗೆ 10 ನಿಮಿಷ, ಕಪ್ಪಿಗೆ 7, ಆದರೆ ಡ್ರಾ ಆದರೆ ಕಪ್ಪು ಗೆದ್ದ ಹಾಗೆ.

ನನಗೆ ಜಾಸ್ತಿ ಇಷ್ಟ ಆಗಿದ್ದು ಹರಾಜಿನ ಪದ್ಧತಿ. ಇಬ್ಬರೂ ಗುಟ್ಟಾಗಿ "ಇಷ್ಟೇ ಸಮಯ ಕೊಟ್ಟರೂ ಕಪ್ಪು ಆಡುತ್ತೇನೆ" ಅಂತ ಬರೆದುಕೊಡುತ್ತಾರೆ. ಕಡಿಮೆ ಬರೆದವರಿಗೆ ಕಪ್ಪು ಮತ್ತು ಡ್ರಾ ಲಾಭ. ತನ್ನ ಬಾಯಿಂದಲೇ ಬಂದ ಬೆಲೆ, ಆಮೇಲೆ ದೂರಲು ಏನೂ ಇರುವುದಿಲ್ಲ.

ಕಂಪ್ಯೂಟರ್ ಎಂಜಿನ್‌ಗಳ ಟಿಸಿಇಸಿ ಸ್ಪರ್ಧೆಯಲ್ಲಿ ಇನ್ನೂ ಸರಳ. ಒಂದೇ ಓಪನಿಂಗ್ ಎರಡು ಸಲ, ಬಣ್ಣ ಬದಲಿಸಿ. ಎರಡೂ ಆಟ ಸೇರಿಸಿ ನೋಡುತ್ತಾರೆ.

ಪೂರ್ತಿ ಅದೃಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಒಂದು ಉದಾಹರಣೆ ಇದೆ. 1983ರ ಕ್ಯಾಂಡಿಡೇಟ್ಸ್ ಕ್ವಾರ್ಟರ್‌ಫೈನಲ್, ಆಸ್ಟ್ರಿಯಾದ ವೆಲ್ಡೆನ್. ಸ್ಮಿಸ್ಲೋವ್ ಮತ್ತು ಹ್ಯೂಬ್ನರ್ 14 ಆಟ ಆಡಿ 7-7 ಸಮ. ಯಾರು ಮುಂದೆ ಹೋಗಬೇಕು ಅಂತ ತೀರ್ಮಾನಿಸಲು ಕ್ಯಾಸಿನೋದ ರೂಲೆಟ್ ಚಕ್ರ ತಿರುಗಿಸಿದರು. ಮೊದಲ ಸಲ ಗೋಲಿ ಸೊನ್ನೆಯಲ್ಲಿ ನಿಂತಿತು, ಕೆಂಪೂ ಅಲ್ಲ ಕಪ್ಪೂ ಅಲ್ಲ. ಎರಡನೇ ಸಲ ಸ್ಮಿಸ್ಲೋವ್ ಪಾಲಿನ ಕೆಂಪು. 62 ವರ್ಷದ ಸ್ಮಿಸ್ಲೋವ್ ಮುಂದೆ ಹೋದರು. ಅಷ್ಟು ಆಟ ಆಡಿದ ಹ್ಯೂಬ್ನರ್ ಮನೆಗೆ ಹೋಗಬೇಕಾಯಿತು. ಓದುವಾಗ ನನಗೆ ಹೊಟ್ಟೆ ಉರಿಯಿತು.

ರಾತ್ರಿಯಾಟ · ಸೋಮವಾರ, ರಾತ್ರಿ 10:30

ಒಂದೇ ಎದುರಾಳಿ, ಎರಡು ಆಟ, ಬಣ್ಣ ಬದಲಿಸಿ ಅನ್ನುವುದು ಮನಸ್ಸಿಗೆ ಹಿಡಿಸಿತು. ಇವತ್ತಿನಿಂದ ಅರ್ಧ ಕಪ್ಪು ಅರ್ಧ ಬಿಳಿ ವೃತ್ತ ಇರುವ ಆಹ್ವಾನ ಮಾತ್ರ ಒಪ್ಪಿಕೊಳ್ಳುತ್ತಿದ್ದೇನೆ. ಆಟ ಮುಗಿದ ಮೇಲೆ ರೀಮ್ಯಾಚ್ ಕೇಳುತ್ತೇನೆ, ಆಗ ಬಣ್ಣ ತಾನಾಗಿ ಬದಲಾಗುತ್ತದೆ. ಇವತ್ತು ಸಿಕ್ಕವರು ಒಪ್ಪಿದರು. ಮೊದಲು ಕಪ್ಪು, ಡ್ರಾ. ಆಮೇಲೆ ಲಂಡನ್ ಆಡಿ ಗೆದ್ದೆ.

ಆರ್ಬಿಟರ್ ಸರ್‌ಗೆ ಒಂದು ವಿಷಯ ಕೇಳಬೇಕು. ನಮ್ಮ ಶಾಲೆಯಲ್ಲಿ 12 ಮಕ್ಕಳಿಗೆ ಟೂರ್ನಮೆಂಟ್ ಮಾಡುತ್ತಿದ್ದೇನೆ. ದಿನಕ್ಕೆ 40 ನಿಮಿಷದ ಒಂದು ಪೀರಿಯಡ್ ಸಿಗುತ್ತದೆ, ಐದು ದಿನ. ನಾನು 5 ಸುತ್ತಿನ ಸ್ವಿಸ್ ಅಂದುಕೊಂಡಿದ್ದೆ. ಆದರೆ ಆರು ಮಕ್ಕಳಿಗೆ ಬಿಳಿ ಒಂದು ಕಡಿಮೆ ಆಗುತ್ತದೆ.

ಗಡಿಯಾರದ ಪಕ್ಕ · ಸೋಮವಾರ, ರಾತ್ರಿ 11:05

ಟೀಚರ್, ಸುತ್ತು ಐದೇ ಇರಲಿ, ಪ್ರತಿ ಸುತ್ತಿನಲ್ಲಿ ಅದೇ ಎದುರಾಳಿಯ ಜೊತೆ ಎರಡು ಆಟ ಆಡಿಸಿ. ತಲಾ 8 ನಿಮಿಷ. ಒಂದು ಆಟಕ್ಕೆ ಜಾಸ್ತಿ ಅಂದರೆ 16 ನಿಮಿಷ, ಎರಡಕ್ಕೆ 32. ಕಾಯಿ ಜೋಡಿಸಲು, ಅಂಕ ಬರೆಯಲು ಇನ್ನೂ 8 ನಿಮಿಷ ಉಳಿಯುತ್ತದೆ. ಎಲ್ಲರಿಗೂ 5 ಬಿಳಿ 5 ಕಪ್ಪು. ಬಣ್ಣದ ಲೆಕ್ಕವನ್ನೇ ಇಡಬೇಕಿಲ್ಲ. ಎರಡು ಆಟ ಸೇರಿ 2 ಅಂಕಕ್ಕೆ, ಒಟ್ಟು 10 ಅಂಕಕ್ಕೆ ಲೆಕ್ಕ ಹಾಕಿ.

ಮೊದಲ ಆಟದ ಬಣ್ಣಕ್ಕೆ ಮಾತ್ರ ಮುಷ್ಟಿ ಚಾಚಲಿ. ಅದು ಮಕ್ಕಳಿಗೆ ತುಂಬಾ ಇಷ್ಟ.

ರಾತ್ರಿಯಾಟ · ಮಂಗಳವಾರ, ಸಂಜೆ 4:50

ಮೊದಲ ಸುತ್ತು ಮುಗಿಯಿತು ಸರ್. 35 ನಿಮಿಷದಲ್ಲಿ ಎಲ್ಲ ಆಯಿತು. ಏಳನೇ ಕ್ಲಾಸಿನ ಒಬ್ಬಳು ಎದುರಿನ ಹುಡುಗನ ಎರಡು ಮುಷ್ಟಿಯನ್ನೂ ತುಂಬಾ ಹೊತ್ತು ನೋಡಿ ಎಡಗೈ ತಟ್ಟಿದಳು. ಕರಿ ಪಾನ್. ಮುಖ ಸ್ವಲ್ಪ ಸಣ್ಣದಾಯಿತು. ಮೊದಲ ಆಟ ಸೋತಳು. ಗಡಿಯಾರ ನಿಲ್ಲಿಸಿದ ಕೂಡಲೇ, ನಾನು ಹೇಳುವ ಮೊದಲೇ, ಇಬ್ಬರೂ ಎದ್ದು ಜಾಗ ಬದಲಾಯಿಸಿಕೊಂಡರು. ಎರಡನೇ ಆಟ ಅವಳು ಗೆದ್ದಳು. ಇಬ್ಬರಿಗೂ 1-1. ಪಟ್ಟಿ ಬರೆದು ಕ್ಲಾಸಿನ ಬಾಗಿಲಿಗೆ ಅಂಟಿಸಿದ್ದೇನೆ.